ಎರಡು ಕೆನೆಬಣ್ಣ, ಒಂದು ಗೋಡೆ

ನಮ್ಮ ಬಾಗಲಕೋಟೆ ಕಡೆ ಮನೆಗೆ ಬಣ್ಣ ಹಚ್ಚಿಸೋದು ಅಂದ್ರೆ ದೊಡ್ಡ ಖರ್ಚು. ಮದುವೆ ಇಲ್ಲಾ ಗೃಹಪ್ರವೇಶ ಬಂದಾಗ ಒಮ್ಮೆ ಹಚ್ಚಿದ್ರೆ, ಮತ್ತೆ ವರ್ಷಗಟ್ಟಲೆ ಅದೇ ಗೋಡೆ ನೋಡ್ಕೊಂಡು ಇರಬೇಕು. ಆದರೂ ಅಂಗಡಿಯಲ್ಲಿ ಶೇಡ್ ಕಾರ್ಡ್ ಹಿಡಿದು ಐದು ನಿಮಿಷದಲ್ಲಿ ಆರಿಸಿಬಿಡ್ತೀವಿ. ಐವರಿನೋ, ಆಫ್ ವೈಟೋ? ಕಾರ್ಡಿನಲ್ಲಿ ಎರಡೂ ಒಂದೇ ಥರ. ಗೋಡೆ ಮೇಲೆ ಯಾಕೆ ಬೇರೆ ಕಾಣ್ತಾವೆ? ಎಂಜಿನಿಯರಿಂಗ್ ಓದೋರು ನಾವು, ಲೆಕ್ಕ ಹಾಕಿ ನೋಡೋಣ ಬರ್ರಿ.

ಮೊದಲನೇ ಕಾರಣ: ಕೋಣೆಯೊಳಗಿನ ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಪುಟಿಯುತ್ತದೆ. ಒಂದು ಬಣ್ಣ ಕೆಂಪು ಬೆಳಕಿನಲ್ಲಿ 80%, ನೀಲಿಯಲ್ಲಿ 70% ವಾಪಸ್ ಕಳಿಸ್ತದೆ ಅಂತ ಇಟ್ಕೊಳ್ಳಿ. ಅನುಪಾತ 1.14. ಎರಡು ಸಲ ಪುಟಿದ ಬೆಳಕಿನಲ್ಲಿ 64 ಮತ್ತು 49 ಉಳಿಯುತ್ತದೆ, ಅನುಪಾತ 1.31. ಮೂರನೇ ಸಲಕ್ಕೆ 1.49. ಕಾರ್ಡಿನಲ್ಲಿ ಕಂಡೂ ಕಾಣದ ಹಳದಿ, ನಾಲ್ಕು ಗೋಡೆ ಸೇರಿದಾಗ ಎದ್ದು ಕಾಣೋದು ಇದಕ್ಕೇ. ಎರಡರ ನಡುವೆ ಅನುಮಾನ ಬಂದ್ರೆ, ಹೆಚ್ಚು ತಿಳಿಯಾದದ್ದನ್ನು ಆರಿಸೋದು ಒಳ್ಳೇದು.

ಎರಡನೇದು ನೆಲ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ ಮನೆಯಲ್ಲಿ ನೆಲದಿಂದ ಬರೋ ಬೆಳಕಿಗೇ ಕೆಂಪು ಛಾಯೆ ಇರ್ತದೆ. ಬಾದಾಮಿಯಲ್ಲಿ ಕಿಟಕಿ ಎದುರಿಗೆ ಮರಳುಗಲ್ಲಿನ ಗುಡ್ಡ ಇದ್ರೂ ಹಾಗೇ. ಅಲ್ಲಿ ಹಳದಿ ಕಡೆ ವಾಲಿದ ಕೆನೆಬಣ್ಣ ಇನ್ನೂ ಗಾಢ ಅನಿಸಬಹುದು. ಹುನಗುಂದದ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಇದೆಲ್ಲ ಗೊತ್ತಾಗಲ್ಲ.

ಮೂರನೇದು ದೀಪ. ಎಲ್‌ಇಡಿ ಡಬ್ಬಿ ಮೇಲೆ 3000 ಕೆಲ್ವಿನ್ ಅಂತಿದ್ರೆ ಹಳದಿ ಬೆಳಕು, 6500 ಅಂತಿದ್ರೆ ಬಿಳಿ. ಹಗಲಲ್ಲಿ ಒಂದೇ ಥರ ಕಾಣುವ ಎರಡು ಬಣ್ಣ ರಾತ್ರಿ ದೀಪದಲ್ಲಿ ಬೇರೆಯಾಗಬಹುದು. ಇದಕ್ಕೆ ಮೆಟಾಮೆರಿಸಂ ಅಂತಾರೆ.

ನಮ್ಮ ಹಿರಿಯರಿಗೆ ಈ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕ್ತಿದ್ರು. ನೀಲಿ ಪುಡಿ ಹಳದಿ ಬೆಳಕನ್ನು ಹೀರಿ, ಸುಣ್ಣದ ಹಳದಿಯನ್ನು ಸರಿದೂಗಿಸ್ತದೆ.

ಹಾಗಾದ್ರೆ ಆರಿಸೋದು ಹೆಂಗ? ಎರಡರದೂ ಚಿಕ್ಕ ಡಬ್ಬಿ ತನ್ನಿ. ಎರಡಡಿ ಅಗಲದ ಬಿಳಿ ರಟ್ಟುಗಳಿಗೆ ಎರಡೆರಡು ಕೋಟ್ ಹಚ್ಚಿ, ಪೂರ್ತಿ ಒಣಗಲಿ. ಹಳೇ ಬಣ್ಣದ ಗೋಡೆ ಮೇಲೇ ಹಚ್ಚಿದ್ರೆ ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡ್ತದೆ. ರಟ್ಟನ್ನು ಕಿಟಕಿ ಹತ್ತಿರ, ಮೂಲೆಯಲ್ಲಿ, ನೆಲದ ಬಳಿ ನಿಲ್ಲಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಚ್ಚಿ ನೋಡ್ರಿ. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಇರೋರು ಯಾರೋ ಅವರನ್ನೇ ಕೇಳ್ರಿ. ಹಾಸ್ಟೆಲಿನಿಂದ ಹಬ್ಬಕ್ಕೆ ಬಂದು ಹೋಗೋ ನಮಗಿಂತ, ದಿನಾ ಅಲ್ಲೇ ಇರೋ ಅವ್ವನ ಕಣ್ಣು ಮುಖ್ಯ.