ರಾಜೋಳಿಯಿಂದ ಕಂಠೀರವಕ್ಕೆ: ಮೊದಲ ವರ್ಷಗಳ ಏಳು ಸೂತ್ರ

ತುಂಗಭದ್ರೆ ದಂಡೆಯ ರಾಜೋಳಿಯಲ್ಲಿ ಮಗ್ಗದ ಸದ್ದು ಮನೆಬಾಗಿಲಿಗೇ ಬರುತ್ತದೆ. ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಸೀಟಿ ಕೇಳಬೇಕೆಂದರೆ ಮಾತ್ರ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಚೆಂಡನ್ನೇ ಹೊಟ್ಟೆಪಾಡು ಮಾಡಿಕೊಳ್ಳುವ ಆಸೆ ಇದ್ದರೆ, ತಮ್ಮಾ, ಇದನ್ನು ಓದು.

1. ಊರು ಬಿಡಲು ತಡಮಾಡಬೇಡ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಹುಟ್ಟಿದ್ದು 1971ರಲ್ಲಿ. 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು, 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಬಗ್ಗುಬಡಿದಾಗ ಮೂರು ಗೋಲು ಚಾಪ್‌ಮನ್‌ರದ್ದು. ಆಡುತ್ತಿದ್ದುದು ಮಿಡ್‌ಫೀಲ್ಡ್‌ನಲ್ಲಿ ಅನ್ನುವುದು ನೆನಪಿರಲಿ! 1995ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಪಂಜಾಬಿನ ಜೆಸಿಟಿಗೆ ಹೋದರು. ಅಲ್ಲಿ ಐ. ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಯಾದರು. ಮೊದಲ ರಾಷ್ಟ್ರೀಯ ಲೀಗ್ (1996–97) ಜೆಸಿಟಿಯ ಪಾಲಾಯಿತು. ಆಮೇಲೆ ಎಫ್‌ಸಿ ಕೊಚ್ಚಿನ್, ಮರುವರ್ಷ ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಆ ತಂಡ ಲೀಗ್ ಗೆದ್ದಾಗ ನಾಯಕ ಇವರೇ. ಬಂಗಾಳಿ, ಪಂಜಾಬಿ ಬರುತ್ತದೋ ಇಲ್ಲವೋ ಎಂದು ಮನೆಯಲ್ಲೇ ಯೋಚಿಸುತ್ತ ಕೂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

2. ಬೂಟಿಲ್ಲ, ಬಸ್ ಚಾರ್ಜಿಲ್ಲ ಅನ್ನುವ ನೆಪ ಬೇಡ. ಆದರೆ ಇಲ್ಲದ್ದನ್ನು ಕೋಚ್‌ಗೆ ಹೇಳು. ಸಿಕಂದರಾಬಾದ್ ಬಳಿಯ ಅಮ್ಮುಗುಡದ ತುಳಸೀದಾಸ್ ಬಲರಾಮ್ ಪೊಲೀಸರ ಹಳೆ ಬೂಟುಗಳನ್ನು ಚಮ್ಮಾರರ ಕೈಲಿ ಆಟದ ಬೂಟು ಮಾಡಿಸಿಕೊಂಡವರು. ಹೈದರಾಬಾದಿಗೆ ಅಭ್ಯಾಸಕ್ಕೆ ಬರಲು ದುಡ್ಡಿಲ್ಲ ಎಂದಾಗ ಕೋಚ್ ಎಸ್. ಎ. ರಹೀಂ ಬಾಡಿಗೆ ಸೈಕಲ್ಲಿಗೆ ತಾವೇ ಹಣ ಕೊಟ್ಟರು. ಆ ಹುಡುಗ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ. ಭಾರತ ನಾಲ್ಕನೇ ಸ್ಥಾನ ಪಡೆಯಿತು. ಬಾಯಿಬಿಡಲು ನಾಚಿಕೊಂಡಿದ್ದರೆ ಬಲರಾಮ್ ಅಮ್ಮುಗುಡದಲ್ಲೇ ಉಳಿಯುತ್ತಿದ್ದರೇನೋ.

3. ಬಾರದ ಕಾಲಲ್ಲಿ ಆಡು. ಇದೇ ರಹೀಂ ಸಾಹೇಬರು ದುರ್ಬಲ ಕಾಲಲ್ಲಿ ಮಾತ್ರ ಒದೆಯಬೇಕೆಂಬ ಪಂದ್ಯಗಳನ್ನೇ ಏರ್ಪಡಿಸುತ್ತಿದ್ದರು. ಇದಕ್ಕೆ ಅಕಾಡೆಮಿ ಬೇಕಿಲ್ಲ, ಒಂದು ಗೋಡೆ ಸಾಕು.

4. ಜರ್ಸಿಯ ಹೆಸರು ನೋಡಬೇಡ, ಆಡಿದ ನಿಮಿಷ ಎಣಿಸು. ಸಿಕಂದರಾಬಾದಿನಲ್ಲೇ ಹುಟ್ಟಿದ ಸುನಿಲ್ ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್ ಸೇರಿದಾಗ ಹದಿನೇಳರ ಹುಡುಗ. ಕಾಲೂರಿದ್ದು ಮಾತ್ರ 2005ರಲ್ಲಿ ಜೆಸಿಟಿಗೆ ಹೋದಮೇಲೆ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜರ್ಡ್ಸ್ ಕರೆಯಿತು. ಲೀಗ್‌ನಲ್ಲಿ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡದಲ್ಲೂ ಬೆರಳೆಣಿಕೆಯ ಪಂದ್ಯಗಳು. ವಾಪಸ್ ಬಂದು 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ಋತುವಿನಲ್ಲೇ ಐ-ಲೀಗ್ ಬಂತು. ಫಾರಿನ್‌ನಿಂದ ವಾಪಸ್ ಬಂದನೆಂದು ಊರವರು ಆಡಿಕೊಳ್ಳಲಿ ಬಿಡು.

5. ಸಹಿಗೆ ಮುಂಚೆ ಓದು. ಫಿಫಾ ನಿಯಮದಂತೆ 18 ತುಂಬದ ಆಟಗಾರನ ವೃತ್ತಿಪರ ಕರಾರು ಮೂರು ವರ್ಷ ದಾಟುವಂತಿಲ್ಲ. ಸಹಿ ಹಾಕಿಸಿಕೊಂಡ ಮೇಲೆ ಮೆಡಿಕಲ್‌ನಲ್ಲಿ ಫೇಲ್ ಎಂದು ಕರಾರು ಮುರಿಯುವಂತೆಯೂ ಇಲ್ಲ. ಪರೀಕ್ಷೆ ಮೊದಲೇ ಮುಗಿಯಬೇಕು. ಹುಟ್ಟಿದ ತಾರೀಖು ತಿದ್ದಿಸೋಣ ಅನ್ನುವ ಹಿತೈಷಿ ಸಿಕ್ಕರೆ ಅವನ ಚಹಾ ಕೂಡ ಕುಡಿಯಬೇಡ.

6. ಬೆಂಚಲ್ಲಿ ಕೂತರೂ ಬೂಟಿನ ಲೇಸು ಕಟ್ಟಿರಲಿ. ಬೆಂಗಳೂರು ಎಫ್‌ಸಿ ಅಕಾಡೆಮಿಯಲ್ಲಿ ಬೆಳೆದ ವಿನಿತ್ ವೆಂಕಟೇಶ್‌ಗೆ 2024ರ ಸೆಪ್ಟೆಂಬರ್ 14ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅವಕಾಶ ಸಿಕ್ಕಿತು. ಎದುರಿಗಿದ್ದದ್ದು ಈಸ್ಟ್ ಬೆಂಗಾಲ್. ಪಂದ್ಯ ಮುಗಿದದ್ದು 1–0. ಆ ಒಂದು ಗೋಲು ಹತ್ತೊಂಬತ್ತರ ಈ ಹುಡುಗನದು.

7. ಹತ್ತನೇ ತರಗತಿಯ ಮಾರ್ಕ್ಸ್‌ಕಾರ್ಡ್ ಜೋಪಾನ, ಆಟ ನಿಂತ ದಿನ ನೌಕರಿಗೆ ಬೇಕಾದೀತು. ಬಲರಾಮ್ 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುವರ್ಷವೇ ಎದೆಯ ಕಾಯಿಲೆ ಅವರ ಆಟ ನಿಲ್ಲಿಸಿತು. ಆಗ ಅವರಿಗಿನ್ನೂ ಇಪ್ಪತ್ತೇಳು ವರ್ಷ. ಕೈಯಲ್ಲಿ ಉಳಿದದ್ದು ರೈಲ್ವೆ ನೌಕರಿ.