ಹೊಳೆಯೂ ಒಂದು ಉಳಿತಾಯ ಖಾತೆ



ಈ ಸಲದ ಸಭೆಯಲ್ಲಿ ನಾವು ಒಂದು ಹೊಳೆಯ ಲೆಕ್ಕ ತಿಳಿಯೋಣ. ಉತ್ತರ ಕನ್ನಡದ ಅಘನಾಶಿನಿ ಹೊಳೆ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನ ತದಡಿ ಬಳಿ ಕಡಲು ಸೇರುತ್ತದೆ. ಈ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಘಟ್ಟದ ಸಿಹಿನೀರು ಬಂದು ಕಡಲಿನ ಉಪ್ಪುನೀರಿನ ಜೊತೆ ಬೆರೆಯುತ್ತದೆ. ಆ ಜಾಗವೇ ಅಳಿವೆ.

ದಂಡೆಯ ಸಣ್ಣ ಊರುಕೇರಿಗಳಿಗೆ ಅನ್ನ ಕೊಡುವುದು ಈ ಅಳಿವೆ. ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಸಾಣಿಕಟ್ಟೆಯಲ್ಲಿ ಉಪ್ಪು, ಕಾಂಡ್ಲಾ ಗಿಡದ ಬೇರುಗಳ ನಡುವೆ ಮೀನು ಸಿಗಡಿಯ ಮರಿಗಳು. ಇಳಿತದಲ್ಲಿ ನೀರು ಸರಿದಾಗ ಹೆಂಗಸರು ಬುಟ್ಟಿ ಹಿಡಿದು ಬಳಚು ಹೆಕ್ಕುತ್ತಾರೆ. ದೋಣಿ ಬೇಡ, ಬಲೆ ಬೇಡ, ಸಾಲ ಬೇಡ. ಮನೆಗೆ ಸಾರೂ ಆಯ್ತು, ಮಾರಿದ್ರೆ ಕೈಗೆ ನಾಲ್ಕು ಕಾಸೂ ಆಯ್ತು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಅಸಲು ಯಾವುದು, ಬಡ್ಡಿ ಯಾವುದು?

ಸಣ್ಣ ಬಳಚಿನಲ್ಲಿ ಮಾಂಸ ಕಡಿಮೆ. ಅದು ಇನ್ನೂ ಸಂತಾನ ಬಿಟ್ಟಿರುವುದಿಲ್ಲ. ಅದನ್ನೂ ಬಳಿದು ತಂದರೆ ಮುಂದಿನ ವರ್ಷ ಹೆಕ್ಕಲು ಏನಿದ್ದೀತು? ದೊಡ್ಡದು ಬಡ್ಡಿ ಇದ್ದ ಹಾಗೆ, ಸಣ್ಣದು ಅಸಲು. ಬಡ್ಡಿ ಉಣ್ಣಬಹುದು, ಅಸಲು ಮುಟ್ಟಬಾರದು.

"ನಾನು ಬಿಟ್ರೆ ಪಕ್ಕದವಳು ತೆಗೀತಾಳಲ್ಲ?" ಅಂತ ನೀವು ಕೇಳಬಹುದು. ಮಾತು ನಿಜ. ಒಬ್ಬಳೇ ಬಿಟ್ಟರೆ ಅವಳಿಗೆ ನಷ್ಟ, ಎಲ್ಲರೂ ಸೇರಿ ಬಿಟ್ಟರೆ ಎಲ್ಲರಿಗೂ ಲಾಭ. ಸಂಘ ಬೇಕಾಗುವುದು ಇಲ್ಲಿಯೇ.

ಕೇರಳದಲ್ಲಿ ಹೀಗೆ ಮಾಡಿ ತೋರಿಸಿದ್ದಾರೆ. ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನಲ್ಲಿಯೂ ಬಳಚು ಕಡಿಮೆಯಾಗುತ್ತಾ ಬಂದಿತ್ತು. ಸಂತಾನದ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವುದನ್ನು ನಿಲ್ಲಿಸಿದರು. ಸಣ್ಣದು ಜಾರಿ ಹೋಗುವಂತೆ ಬಲೆಯ ಕಣ್ಣು ದೊಡ್ಡದು ಮಾಡಿದರು. ಬಳಚು ಮತ್ತೆ ಹೆಚ್ಚಿತು. 2014ರಲ್ಲಿ ಅಲ್ಲಿನ ಬಳಚಿಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದ ಮೀನುಗಾರಿಕೆಗೆ ಅದೇ ಮೊದಲನೆಯದು.

ನಾವು ಏನು ಮಾಡಬಹುದು?

1. ಎಷ್ಟು ಸಣ್ಣದನ್ನು ಬಿಡಬೇಕೆಂದು ಸಭೆಯಲ್ಲಿ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.
2. ಹೆಕ್ಕಿದ ಜಾಗದಲ್ಲೇ ಸಣ್ಣದನ್ನು ಜೀವಂತ ಬಿಡಿ. ದಂಡೆಗೆ ತಂದು ಚೆಲ್ಲಬೇಡಿ.
3. ಆಚೆ ದಡದ ಸಂಘದವರನ್ನೂ ಕರೆದು ಮಾತಾಡಿ. ಹೊಳೆಗೆ ಎರಡು ದಡ.
4. ಕಾಂಡ್ಲಾ ಗಿಡ ಕಡಿಯಬೇಡಿ, ಹೊಳೆಗೆ ಕಸ ಎಸೆಯಬೇಡಿ.

ಚರ್ಚೆಗೆ:

ನಿಮ್ಮೂರಿನ ಹೊಳೆ ಅಥವಾ ಕೆರೆಯಿಂದ ಯಾರ ಮನೆಗೆ ಏನು ಬರುತ್ತದೆ? ಅದರಲ್ಲಿ ಅಸಲು ಯಾವುದು? ಅದನ್ನು ಕಾಯಲು ನಿಮ್ಮ ಸಂಘ ಯಾವ ನಿಯಮ ಮಾಡಬಹುದು?