ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜರ್ಮನ್ ಬೇರು ಹುಡುಕುವವರಿಗೆ ಹತ್ತು ಸೂತ್ರಗಳು

ಬೇ ಏರಿಯಾದ ಕನ್ನಡ ಮನೆಗಳಲ್ಲಿ ಈಗ ಜರ್ಮನ್ ಮೂಲದ ಅಳಿಯಂದಿರೂ ಇದ್ದಾರೆ, ಸೊಸೆಯರೂ ಇದ್ದಾರೆ. ವಂಶವೃಕ್ಷ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದಾಗ ಮಗು ಹಾಸನದ ಅಜ್ಜಿಗೆ ಒಂದು ಫೋನ್ ಮಾಡಿ ಅಮ್ಮನ ಕಡೆಯದನ್ನು ತುಂಬಿಸುತ್ತದೆ. ಅಪ್ಪನ ಕಡೆಯದು ‘ಮುತ್ತಜ್ಜ ಜರ್ಮನಿಯಿಂದ ಬಂದವರಂತೆ’ ಎಂಬಲ್ಲಿಗೆ ನಿಲ್ಲುತ್ತದೆ. ಕೇಳಿದರೆ ಎಲ್ಲರೂ ಹೇಳುವುದು ಒಂದೇ: 1906ರಲ್ಲಿ ಎಲ್ಲ ಸುಟ್ಟುಹೋಯಿತು. ಆ ವರ್ಷ ಏಪ್ರಿಲ್ 18ರ ಬೆಳಗಿನ 5.12ಕ್ಕೆ ಭೂಮಿ ನಡುಗಿತು, ಹಿಂದೆಯೇ ಎದ್ದ ಬೆಂಕಿ ಮೂರು ದಿನ ಉರಿಯಿತು, ಸಿಟಿ ಹಾಲ್‌ನ ಜನನ, ಮರಣ, ಮದುವೆಯ ದಾಖಲೆಗಳಲ್ಲಿ ಬಹುಪಾಲು ಬೂದಿಯಾದವು. ಆದರೆ ಒಂದು ಊರಲ್ಲಿ ಬಾಳಿ ಬದುಕಿದವನ ಹೆಸರು ಸರ್ಕಾರದ ಕಡತದಲ್ಲಿ ಮಾತ್ರ ಇರುವುದಿಲ್ಲ. ಬೆಂಕಿ ಮುಟ್ಟದ ಕಡೆ ಹುಡುಕಿದರೆ ಸಿಗುತ್ತದೆ.

1. ಊರಿನ ಹೆಸರು ಸಿಗುವವರೆಗೆ ಸಮುದ್ರ ದಾಟಬೇಡಿ.
ಜರ್ಮನಿಯ ಹಳೆಯ ದಾಖಲೆಗಳೆಲ್ಲ ಒಂದೆಡೆ ಇಲ್ಲ. ಅವು ಆಯಾ ಊರಿನ ಚರ್ಚಿನ ಪುಸ್ತಕಗಳಲ್ಲಿವೆ. 1871ಕ್ಕೆ ಮೊದಲು ಒಗ್ಗೂಡಿದ ಜರ್ಮನಿಯೇ ಇರಲಿಲ್ಲ. ಆದ್ದರಿಂದ ಅಮೆರಿಕದ ಕಾಗದಗಳಲ್ಲಿ ಪ್ರಷ್ಯಾ, ಬವೇರಿಯಾ, ಬಾಡೆನ್, ಹ್ಯಾನೋವರ್ ಎಂದಿರುತ್ತದೆ. ನಮ್ಮ ನಿಘಂಟಿನ ಕಿಟೆಲ್ ಅವರನ್ನೇ ನೋಡಿ. ಜರ್ಮನಿಯವರು ಎಂದುಬಿಟ್ಟರೆ ಅವರ ಜನನದ ದಾಖಲೆ ಯಾರಿಗೂ ಸಿಗದು. 1832ರಲ್ಲಿ ಅವರು ಹುಟ್ಟಿದ್ದು ಪೂರ್ವ ಫ್ರೀಸ್‌ಲ್ಯಾಂಡ್‌ನ ರೆಸ್ಟರ್‌ಹಾಫೆಯಲ್ಲಿ, ಆಗ ಅದು ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಅವರು ಧಾರವಾಡದ ಕಡೆ ಬರುವ ಬದಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರೆ ಜನಗಣತಿಯವನು ‘ಹ್ಯಾನೋವರ್’ ಎಂದಷ್ಟೇ ಗೀಚಿಕೊಂಡು ಹೋಗುತ್ತಿದ್ದ. ನಿಮಗೆ ಬೇಕಾದದ್ದು ರೆಸ್ಟರ್‌ಹಾಫೆ. ಮುಂದಿನ ಸೂತ್ರಗಳೆಲ್ಲ ಆ ಒಂದು ಹೆಸರಿಗಾಗಿ.

2. ಮೊದಲು ಮನೆಯ ಪೆಟ್ಟಿಗೆ ತೆಗೆಸಿ.
ಬೀಗರ ಮನೆಯ ಹಳೆಯ ಬೈಬಲ್, ಕಾಗದಪತ್ರ, ಫೋಟೋ ಹಿಂಬದಿಯ ಸ್ಟುಡಿಯೋ ಮುದ್ರೆ. ಮನೆಯ ಹಿರಿಯರನ್ನು ಈ ವಾರವೇ ಮಾತಾಡಿಸಿ.

3. ಜನಗಣತಿಯನ್ನು ಹಿಂದಕ್ಕೆ ಓದಿಕೊಂಡು ಹೋಗಿ.
ಅಮೆರಿಕದ ಜನಗಣತಿ ಹಾಳೆಗಳು 72 ವರ್ಷದ ಬಳಿಕ ತೆರೆದುಕೊಳ್ಳುತ್ತವೆ. 1950ರದ್ದು 2022ರಲ್ಲಿ ಹೊರಬಂದಿದೆ, ಅಲ್ಲಿಂದ ಹಿಂದೆ ಸರಿಯಿರಿ. 1900ರ ಹಾಳೆ ಚಿನ್ನ: ಹುಟ್ಟಿದ ತಿಂಗಳು, ಇಸವಿ, ಅಮೆರಿಕಕ್ಕೆ ಬಂದ ವರ್ಷ, ಪೌರತ್ವ ಸಿಕ್ಕಿದೆಯೋ ಇಲ್ಲವೋ, ಎಲ್ಲವೂ ಒಂದೇ ಸಾಲಿನಲ್ಲಿ. 1890ರದ್ದು ಸಿಗುವುದಿಲ್ಲ, ಅದರ ಬಹುಭಾಗ ವಾಷಿಂಗ್ಟನ್‌ನ 1921ರ ಬೆಂಕಿಗೆ ಸಿಕ್ಕಿ ಹಾಳಾಯಿತು. ಮಕ್ಕಳು ಎಲ್ಲೆಲ್ಲಿ ಹುಟ್ಟಿದರು ಎಂಬುದನ್ನು ಗಮನವಿಟ್ಟು ನೋಡಿ. ಹಿರಿಯವನು ನ್ಯೂಯಾರ್ಕ್, ನಡುವಿನವಳು ಮಿಸೌರಿ, ಕಿರಿಯವನು ಕ್ಯಾಲಿಫೋರ್ನಿಯಾ ಎಂದಿದ್ದರೆ ಆ ಸಂಸಾರ ನಡೆದುಬಂದ ದಾರಿ ಕಣ್ಣೆದುರಿಗಿದೆ. ಸುಡದೆ ಉಳಿದ ಮದುವೆಯ ದಾಖಲೆ ನ್ಯೂಯಾರ್ಕಿನಲ್ಲೋ ಸೇಂಟ್ ಲೂಯಿಸ್‌ನಲ್ಲೋ ಇರಬಹುದು.

4. ನಗರದ ಡೈರೆಕ್ಟರಿಯನ್ನು ವರ್ಷ ಬಿಡದೆ ನೋಡಿ.
ಲ್ಯಾಂಗ್ಲೆ ಡೈರೆಕ್ಟರಿ 1858ರಿಂದ ಹೊರಬಂತು. ಹೆಸರು, ಕಸುಬು, ಅಂಗಡಿ ವಿಳಾಸ, ಮನೆ ವಿಳಾಸ ಎಲ್ಲ ಅದರಲ್ಲಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಓದಬಹುದು. ಒಂದು ವರ್ಷ ದಿನಸಿ ಅಂಗಡಿಯವನ ಹೆಸರು ಮಾಯವಾಗಿ ಮರುವರ್ಷ ಹೆಂಡತಿಯ ಹೆಸರಿನ ಮುಂದೆ ‘ವಿಧವೆ’ ಎಂದು ಬಂದರೆ ಮರಣದ ವರ್ಷ ಸಿಕ್ಕಿತು. ಜೊತೆಗೆ ‘ಗ್ರೇಟ್ ರಿಜಿಸ್ಟರ್’ ಎಂಬ ಮತದಾರರ ಪಟ್ಟಿ ನೋಡಿ. 1866ರ ಕಾನೂನಿನಿಂದ ಶುರುವಾದ ಇದರಲ್ಲಿ ಪೌರತ್ವ ಪಡೆದ ದಿನಾಂಕ ಮತ್ತು ಸ್ಥಳ ಇರುತ್ತದೆ. 1890ರ ದಶಕದ ಪಟ್ಟಿಯಲ್ಲಂತೂ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತು ಕೂಡ ಇವೆ. ಫೋಟೋ ಇಲ್ಲದ ಮನೆಯವರಿಗೆ ಮುತ್ತಜ್ಜನ ಚಹರೆ ಗೊತ್ತಾಗುವುದು ಇಲ್ಲೇ.

5. ಮರಣವಾರ್ತೆಯ ಕೊನೆಯ ಸಾಲನ್ನು ಬಿಡಬೇಡಿ.
ನನ್ನ ಲೆಕ್ಕದಲ್ಲಿ ಇಡೀ ಹುಡುಕಾಟದಲ್ಲಿ ಹೆಚ್ಚು ಫಲ ಕೊಡುವ ಜಾಗ ಇದು. ‘ಡೈಲಿ ಆಲ್ಟಾ ಕ್ಯಾಲಿಫೋರ್ನಿಯಾ’ ಮತ್ತು ‘ಸ್ಯಾನ್ ಫ್ರಾನ್ಸಿಸ್ಕೋ ಕಾಲ್’ ಪತ್ರಿಕೆಗಳನ್ನು ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್ ತಾಣ ಉಚಿತವಾಗಿ ತೆರೆದಿಟ್ಟಿದೆ. ಆ ಕಾಲದ ಸಣ್ಣಕ್ಷರದ ಮರಣವಾರ್ತೆಗೆ ಒಂದು ಕ್ರಮವಿತ್ತು: ಮೊದಲು ಸತ್ತವರ ಹೆಸರು, ಆಮೇಲೆ ಯಾರ ಪತ್ನಿ, ಯಾರ ತಾಯಿ, ಯಾರ ಅಕ್ಕ, ಎಲ್ಲಿ ಹುಟ್ಟಿದವರು, ವಯಸ್ಸು ವರ್ಷ-ತಿಂಗಳು-ದಿನದ ಲೆಕ್ಕದಲ್ಲಿ. ಆ ವಯಸ್ಸನ್ನು ಕಳೆದರೆ ಹುಟ್ಟಿದ ದಿನ ಬರುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಗಂಡಂದಿರ ಮನೆತನದ ಹೆಸರುಗಳು ಇಲ್ಲಿ ಸಿಗುತ್ತವೆ, ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ. ಕೊನೆಗೆ ಒಮ್ಮೊಮ್ಮೆ, ಇಂಥಿಂಥ ಊರಿನ ಪತ್ರಿಕೆಗಳು ದಯವಿಟ್ಟು ಇದನ್ನು ಪ್ರಕಟಿಸಬೇಕು ಎಂಬ ಕೋರಿಕೆ ಇರುತ್ತದೆ. ಸಿನ್ಸಿನಾಟಿ ಎಂದಿದ್ದರೆ ಅಣ್ಣತಮ್ಮಂದಿರು ಸಿನ್ಸಿನಾಟಿಯಲ್ಲಿದ್ದರು ಎಂದೇ ಊಹಿಸಿ ಹುಡುಕಿ. ಹ್ಯಾಂಬರ್ಗ್ ಎಂದಿದ್ದರೆ ಮನೆಯವರಿಗೆಲ್ಲ ಸಿಹಿ ಹಂಚಿ. ಜರ್ಮನ್ ಭಾಷೆಯ ದಿನಪತ್ರಿಕೆಯೂ ಊರಲ್ಲಿತ್ತು, ‘ಕ್ಯಾಲಿಫೋರ್ನಿಯಾ ಡೆಮೊಕ್ರಾಟ್’. ಅದರಲ್ಲಿ ಹೆಂಗಸರ ಹೆಸರಿನ ಬಳಿ ‘ಗೆಬ್.’ ಎಂದಿದ್ದರೆ ಮುಂದಿರುವುದು ತವರುಮನೆಯ ಹೆಸರು.

6. ಸಮಾಧಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಡುಕಬೇಡಿ, ಕೋಲ್ಮಾಕ್ಕೆ ಹೋಗಿ.
1900ರಲ್ಲಿ ನಗರ ತನ್ನ ಎಲ್ಲೆಯೊಳಗೆ ಹೊಸದಾಗಿ ಹೂಳುವುದನ್ನು ನಿಷೇಧಿಸಿತು. ಆಮೇಲೆ ಹಳೆಯ ಸ್ಮಶಾನಗಳನ್ನೂ ಎಬ್ಬಿಸಿತು. ಲಾರೆಲ್ ಹಿಲ್ ಒಂದರಿಂದಲೇ ಸುಮಾರು 35,000 ಜನರ ಅವಶೇಷಗಳು ಕೋಲ್ಮಾದ ಸೈಪ್ರೆಸ್ ಲಾನ್‌ಗೆ ಹೋದವು. ವಾರಸುದಾರರು ಬಾರದ ಸಮಾಧಿಕಲ್ಲುಗಳನ್ನು ಬ್ಯೂನಾ ವಿಸ್ಟಾ ಉದ್ಯಾನದ ಚರಂಡಿಗೂ ಸಮುದ್ರದ ತಡೆಗೋಡೆಗೂ ಬಳಸಿದರು. ಅಜ್ಜಿಯ ಹೆಸರು ಕೆತ್ತಿದ ಕಲ್ಲು ಹೀಗೆ ಹೋಯಿತೆಂದು ಕೇಳಿದವರ ಸಂಕಟ ದೊಡ್ಡದು, ಅದಕ್ಕೆ ಸಮಾಧಾನ ಹೇಳುವುದು ಕಷ್ಟ. ಆದ್ದರಿಂದ ಕಲ್ಲು ಕಾಣದಿದ್ದರೆ ಸ್ಮಶಾನದ ಕಚೇರಿಯಲ್ಲಿ ರಿಜಿಸ್ಟರ್ ಕೇಳಿ. ಯಹೂದಿ ಮನೆತನವಾದರೆ ಹೋಮ್ ಆಫ್ ಪೀಸ್ ಮತ್ತು ಹಿಲ್ಸ್ ಆಫ್ ಎಟರ್ನಿಟಿ. ಬವೇರಿಯಾದ ಬುಟೆನ್‌ಹೈಮ್‌ನಲ್ಲಿ 1829ರಲ್ಲಿ ಹುಟ್ಟಿದ ಜೀನ್ಸ್ ಖ್ಯಾತಿಯ ಲೆವಿ ಸ್ಟ್ರಾಸ್ ಹೋಮ್ ಆಫ್ ಪೀಸ್‌ನಲ್ಲಿದ್ದಾರೆ.
ಶವಸಂಸ್ಕಾರ ನಡೆಸುತ್ತಿದ್ದ ಸಂಸ್ಥೆಗಳ ಪುಸ್ತಕಗಳನ್ನೂ ಮರೆಯಬೇಡಿ. ಗ್ರೇ, ಹಾಲ್‌ಸ್ಟೆಡ್ ಮೊದಲಾದ ಸಂಸ್ಥೆಗಳ ದಾಖಲೆಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿವೆ. ಹುಟ್ಟಿದ ಸ್ಥಳ, ಎಲ್ಲಿ ಹೂಳಿದರು, ಹಣ ಕೊಟ್ಟವರು ಯಾರು ಎಂಬುದೂ ಅಲ್ಲಿ ಸಿಗಬಹುದು. ಹಣ ಕೊಟ್ಟವರು ಬಹುತೇಕ ಹತ್ತಿರದ ನೆಂಟರೇ.

7. ಪೌರತ್ವದ ಕಾಗದಕ್ಕೆ ಸ್ಯಾನ್ ಬ್ರೂನೋ.
ಫೆಡರಲ್ ನ್ಯಾಯಾಲಯದ ಹಳೆಯ ಪೌರತ್ವ ಕಡತಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಿ. 1906ರ ಸೆಪ್ಟೆಂಬರ್ 27ರಿಂದ ಜಾರಿಯಾದ ಹೊಸ ಕಾನೂನಿನ ಮೇಲೆ ಅರ್ಜಿಯಲ್ಲಿ ಹುಟ್ಟಿದ ಸ್ಥಳ, ಹಡಗು, ಬಂದ ದಿನ ಬರೆಯಬೇಕಾಯಿತು. ಮುತ್ತಜ್ಜ ಮೊದಲೇ ಪೌರರಾಗಿದ್ದರೆ ಅವರ ಹಿಂದೆ ಬಂದ ತಮ್ಮನ ಅರ್ಜಿ ತೆಗೆಸಿ. ಇಬ್ಬರ ಊರೂ ಒಂದೇ ಆಗಿರುವ ಸಂಭವ ಹೆಚ್ಚು. ಮನೆ, ಸೈಟು ಇದ್ದವರಾದರೆ ಇನ್ನೊಂದು ದಾರಿ ಇದೆ: ದಾಖಲೆ ಸುಟ್ಟ ಮೇಲೆ ಜಮೀನಿನ ಹಕ್ಕು ಮತ್ತೆ ಸ್ಥಾಪಿಸಿಕೊಳ್ಳಲು 1906ರ ಮೆಕ್‌ಎನರ್ನಿ ಕಾಯ್ದೆಯಡಿ ಮಾಲೀಕರು ದಾವೆ ಹೂಡಿದರು.

8. ಜಾತಿಮತವೂ ಸಂಘವೂ ಸುಳಿವೇ.
ಕ್ಯಾಥೊಲಿಕ್ಕರಿಗೆ 1860ರಲ್ಲಿ ಜರ್ಮನ್ನರಿಗಾಗಿಯೇ ಶುರುವಾದ ಸೇಂಟ್ ಬೋನಿಫೇಸ್. ಲುಥೆರನ್ನರಿಗೆ ಓಫ್ಯಾರೆಲ್ ಬೀದಿಯ ಸೇಂಟ್ ಮಾರ್ಕ್ಸ್, 1895ರ ಆ ಕಟ್ಟಡ ಬೆಂಕಿಗೆ ಸಿಗದೆ ಉಳಿಯಿತು. ಬವೇರಿಯಾದ ಯಹೂದಿಗಳಿಗೆ ಟೆಂಪಲ್ ಎಮಾನು-ಎಲ್. ವ್ಯಾಯಾಮಕ್ಕೆ ಸೇರುತ್ತಿದ್ದ ಟುರ್ನ್‌ಫೆರೈನ್ 1852ರಲ್ಲೇ ಇತ್ತು. 1854ರಲ್ಲಿ ಕಟ್ಟಿದ ಜರ್ಮನ್ ಪರೋಪಕಾರಿ ಸಂಘ ಆಸ್ಪತ್ರೆಯನ್ನೂ ನಡೆಸಿತು. ಮೊದಲ ಮಹಾಯುದ್ಧದ ಹೊತ್ತಿಗೆ ಆ ಆಸ್ಪತ್ರೆಯೇ ಫ್ರಾಂಕ್ಲಿನ್ ಎಂದು ಹೆಸರು ಬದಲಿಸಿಕೊಂಡಿತು. ಎಷ್ಟೋ ಸಂಸಾರಗಳೂ ಹಾಗೇ ಮಾಡಿದವು. ಸ್ಮಿತ್ ಸಿಗದಿದ್ದರೆ ಶ್ಮಿಟ್, ಮಿಲ್ಲರ್ ಸಿಗದಿದ್ದರೆ ಮ್ಯುಲರ್, ಬ್ಲ್ಯಾಕ್ ಸಿಗದಿದ್ದರೆ ಶ್ವಾರ್ಟ್ಸ್ ಹುಡುಕಿ.

9. ಮೂರು ಗ್ರಂಥಾಲಯಗಳಿಗೆ ಖುದ್ದಾಗಿ ಹೋಗಿ.
ನಗರದ ಮುಖ್ಯ ಗ್ರಂಥಾಲಯದ ಆರನೇ ಮಹಡಿಯ ಇತಿಹಾಸ ಕೇಂದ್ರ ಒಂದು. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಸುಟ್ರೋ ಗ್ರಂಥಾಲಯ ಇನ್ನೊಂದು. ಆಖೆನ್‌ನಲ್ಲಿ ಹುಟ್ಟಿ ಈ ನಗರದ ಮೇಯರ್ ಆದ ಅಡಾಲ್ಫ್ ಸುಟ್ರೋ ಕೂಡಿಸಿದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು 1906ರಲ್ಲಿ ಸುಟ್ಟವು. ಉಳಿದವುಗಳ ಸುತ್ತ ಇಂದು ರಾಜ್ಯದ ವಂಶಾವಳಿ ಸಂಗ್ರಹ ಬೆಳೆದಿದೆ. ಓಕ್‌ಲ್ಯಾಂಡ್‌ನಲ್ಲಿರುವ ಕ್ಯಾಲಿಫೋರ್ನಿಯಾ ಜೀನಿಯಲಾಜಿಕಲ್ ಸೊಸೈಟಿ, 1898ರದ್ದು, ಮೂರನೆಯದು. ಅವರು ಪತ್ರಿಕೆಗಳನ್ನು ಜಾಲಾಡಿ 1880ರಿಂದ 1906ರವರೆಗಿನ ಉಯಿಲು ಪ್ರಕರಣಗಳ ಸೂಚಿಯನ್ನು ಭಾಗಶಃ ಮತ್ತೆ ಕಟ್ಟಿದ್ದಾರೆ. ಇಂಥ ಕೆಲಸ ಮಾಡಿದವರಿಗೆ ನಾವು ಋಣಿಗಳಾಗಿರಬೇಕು.

10. ಊರು ಸಿಕ್ಕ ಮೇಲೆ ಹೆಜ್ಜೆ ಹೀಗಿರಲಿ.
ಹ್ಯಾಂಬರ್ಗ್‌ನಿಂದ ಹೊರಟವರಾದರೆ 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿ ಇದೆ, ಅದರಲ್ಲಿ ಅವರು ಬಿಟ್ಟುಬಂದ ಊರೂ ಇದೆ. ಬ್ರೆಮೆನ್‌ನ ಹಳೆಯ ಪಟ್ಟಿಗಳು ಬಹುಪಾಲು ಉಳಿದಿಲ್ಲ. ಸಿಕ್ಕ ಊರು ಯಾವ ಚರ್ಚಿನ, ಯಾವ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಮೈಯರ್ಸ್ ಗೆಜೆಟಿಯರ್‌ನಲ್ಲಿ ನೋಡಿ. ಒಂದೇ ಹೆಸರಿನ ಹತ್ತಾರು ಹಳ್ಳಿಗಳಿರುತ್ತವೆ, ಅವಸರ ಬೇಡ. ಚರ್ಚಿನ ಪುಸ್ತಕಗಳಿಗೆ ಪ್ರೊಟೆಸ್ಟೆಂಟರಾದರೆ ಆರ್ಕಿಯೋನ್ ತಾಣ, ಅದಕ್ಕೆ ಶುಲ್ಕವಿದೆ. ಕ್ಯಾಥೊಲಿಕ್ಕರಾದರೆ ಮಾಟ್ರಿಕುಲಾ, ಅದು ಉಚಿತ. ಪುಟ ತೆರೆದ ಕೂಡಲೇ ಕಾಣುವುದು ಕುರೆಂಟ್ ಎಂಬ ಹಳೆಯ ಕೈಬರಹ. ಅದರಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೆ ಪುಟ್ಟ ಕೊಂಡಿ ಇರುತ್ತದೆ. ಮೊದಲು ನಿಮ್ಮ ಮನೆತನದ ಹೆಸರನ್ನು ಆ ಲಿಪಿಯಲ್ಲಿ ಕೈಯಾರೆ ಬರೆದು ಅಭ್ಯಾಸ ಮಾಡಿ, ಆಗ ಕಣ್ಣು ಅದನ್ನು ತಾನಾಗಿ ಹಿಡಿಯುತ್ತದೆ.
1876ರ ಜನವರಿಯಿಂದ ಇಡೀ ಜರ್ಮನಿಯಲ್ಲಿ ಸರ್ಕಾರಿ ನೋಂದಣಿ ಇದೆ. ಜನನ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಳೆದ ಮೇಲೆ ಪತ್ರಾಗಾರಕ್ಕೆ ಹೋಗಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಅಲ್ಲಿಗೆ ಬರೆಯುವ ಪತ್ರ ಜರ್ಮನ್ ಭಾಷೆಯಲ್ಲಿರಲಿ, ಚಿಕ್ಕದಾಗಿರಲಿ, ಒಂದು ಪತ್ರಕ್ಕೆ ಒಂದೇ ಪ್ರಶ್ನೆ ಇರಲಿ: ಹೆಸರು, ಮತ, ಹುಟ್ಟಿದ ವರ್ಷ, ಊರು. ಶುಲ್ಕ ಎಷ್ಟೆಂದು ಅದರಲ್ಲೇ ಕೇಳಿಬಿಡಿ.